ಹತ್ತಿಯ ಹಿಮವೂ ಹಿತ್ತಲ ಬಿದಿರೂ

ಡಿಸೆಂಬರ್ ಬಂತೆಂದರೆ ಮುಂಬಯಿಯ ಕ್ರಾಫರ್ಡ್ ಮಾರ್ಕೆಟಿನಲ್ಲೂ ಬಾಂದ್ರಾದ ಹಿಲ್ ರೋಡಿನಲ್ಲೂ ಹಿಮ ಬೀಳತೊಡಗುತ್ತದೆ. ಆಕಾಶದಿಂದಲ್ಲ, ಅಂಗಡಿಯ ಅಟ್ಟದಿಂದ. ಹತ್ತಿಯ ಹಿಮ, ಪ್ಲಾಸ್ಟಿಕ್ಕಿನ ಹಿಮ, ಡಬ್ಬಿಯಿಂದ ಬುಸ್ಸೆಂದು ಚಿಮ್ಮಿಸುವ ಹಿಮ. ಅದರ ಜೊತೆಗೆ ಪ್ಲಾಸ್ಟಿಕ್ಕಿನ ಫರ್ ಮರ, ಪ್ಲಾಸ್ಟಿಕ್ಕಿನ ಹಿಮಸಾರಂಗ, ಪ್ಲಾಸ್ಟಿಕ್ಕಿನ ಹೊಗೆನಾಳ. ಮಧ್ಯಾಹ್ನದ ಬಿಸಿಲು ಮೂವತ್ತು ಡಿಗ್ರಿ ದಾಟಿರುವ ಊರಿನಲ್ಲಿ, ಬೆವರು ಒರೆಸಿಕೊಳ್ಳುತ್ತ ನಾವು ಈ ಚಳಿಗಾಲವನ್ನು ಚೀಲದಲ್ಲಿ ತುಂಬಿಕೊಂಡು ಲೋಕಲ್ ಗಾಡಿ ಹಿಡಿಯುತ್ತೇವೆ. ಮನೆಗೆ ಬಂದು ಫ್ಯಾನು ಹಾಕಿ, ಅದರ ಗಾಳಿಗೆ ಹಿಮ ಹಾರದಂತೆ ಅಂಟು ಹಚ್ಚುತ್ತೇವೆ. ಇದಕ್ಕೆ ಕ್ರಿಸ್‌ಮಸ್ ಅಲಂಕಾರ ಎಂದು ಹೆಸರು.

ಇದು ಅಲಂಕಾರವಲ್ಲ, ಅನುಕರಣೆ ಎಂಬುದೇ ನಮ್ಮ ತಕರಾರು. ಅದೂ ತಪ್ಪು ಅನುಕರಣೆ. ಹಬ್ಬದ ಹಿರಿಯರಿಂದ ನಾವು ಅವರ ವಸ್ತುಗಳನ್ನು ತೆಗೆದುಕೊಂಡೆವು, ಅವರ ಬುದ್ಧಿಯನ್ನು ಬಿಟ್ಟುಬಿಟ್ಟೆವು. ಈ ಮಾತು ಊರು ಬಿಟ್ಟು ಬಂದು ನಗರದ ಎರಡು ಕೋಣೆಗಳಲ್ಲಿ ಸಂಸಾರ ಹೂಡಿರುವ ನಮ್ಮಂಥ ಕನ್ನಡ ಕ್ರೈಸ್ತ ಕುಟುಂಬಗಳಿಗೆ ಮೊದಲು ಸಲ್ಲುತ್ತದೆ. ಗಣೇಶನಿಗೆ ಅಂಗಡಿಯ ಮಂಟಪ, ದೀಪಾವಳಿಗೆ ಪ್ಲಾಸ್ಟಿಕ್ ತೋರಣ ತರುವ ನೆರೆಮನೆಯ ಬಾಂಧವರೂ ಬೇಕಿದ್ದರೆ ತಮ್ಮ ಪಾಲನ್ನು ತೆಗೆದುಕೊಳ್ಳಬಹುದು, ನಮ್ಮ ಆಕ್ಷೇಪವಿಲ್ಲ.

"ಇದು ಸಂಪ್ರದಾಯವಲ್ಲವೇ?" ಎಂದು ಕೇಳುವವರುಂಟು. ಯಾವ ಸಂಪ್ರದಾಯ? ಲೂಕನ ಸುವಾರ್ತೆಯಲ್ಲಿ ಗೋದಲಿ ಇದೆ, ರಾತ್ರಿ ಮಂದೆ ಕಾಯುತ್ತಿದ್ದ ಕುರುಬರಿದ್ದಾರೆ. ಮತ್ತಾಯನ ಸುವಾರ್ತೆಯಲ್ಲಿ ನಕ್ಷತ್ರವಿದೆ, ಮೂಡಣ ದೇಶದ ಜ್ಞಾನಿಗಳಿದ್ದಾರೆ. ಹಿಮ ಇಬ್ಬರಲ್ಲೂ ಇಲ್ಲ. ಹಿಮಸಾರಂಗವಂತೂ ಇಲ್ಲವೇ ಇಲ್ಲ. ಗ್ರಂಥದಲ್ಲಿರುವ ಹುಲ್ಲು, ಕುರಿ, ಕೊಟ್ಟಿಗೆ, ನಕ್ಷತ್ರ ಇವೆಲ್ಲ ನಮ್ಮ ಹಳ್ಳಿಗಳ ನಿತ್ಯದ ಸಾಮಗ್ರಿ. ಕನ್ನಡ ಬೈಬಲಿನ 'ಗೋದಲಿ' ಎಂಬ ಮಾತು ದನ ಕಟ್ಟಿದ ಯಾವ ಮನೆಯಲ್ಲೂ ಅರ್ಥವಾಗುವ ಮಾತು. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆಯುವುದೆಂದರೆ ಇದೇ.

ಸಂಪ್ರದಾಯದ ಹೆಸರು ಎತ್ತಿದವರು ಅದರ ಮೂಲವನ್ನೂ ಸ್ವಲ್ಪ ನೋಡಬೇಕು. ಇಂದು ಅಂಗಡಿಯಲ್ಲಿ ಬೆಲೆಚೀಟಿ ಹಚ್ಚಿಕೊಂಡು ಕುಳಿತಿರುವ ನಾಲ್ಕು ಮುಖ್ಯ ಅಲಂಕಾರಗಳನ್ನೇ ತೆಗೆದುಕೊಳ್ಳೋಣ: ಗೋದಲಿ, ಮರ, ದೀಪದ ಹಸಿರು ಚಕ್ರ, ನಕ್ಷತ್ರ.

ಗೋದಲಿಯ ದೃಶ್ಯವನ್ನು ಜನರ ಕಣ್ಣೆದುರು ಕಟ್ಟುವ ಪದ್ಧತಿಗೆ ಹೆಸರು ತಂದವನು ಅಸ್ಸೀಸಿಯ ಸಂತ ಫ್ರಾನ್ಸಿಸ್. 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಬೆಟ್ಟದೂರಿನಲ್ಲಿ ಆತ ತರಿಸಿದ್ದು ಒಣಹುಲ್ಲು, ಒಂದು ಎತ್ತು, ಒಂದು ಕತ್ತೆ. ಚಿನ್ನದ ಲೇಪವಿಲ್ಲ, ಪಿಂಗಾಣಿ ಗೊಂಬೆಯಿಲ್ಲ. ಆ ಊರಿನಲ್ಲಿ ಏನಿತ್ತೋ ಅದು. ಬಡತನವನ್ನೇ ವ್ರತವಾಗಿ ಹಿಡಿದ ಮನುಷ್ಯ ಕಟ್ಟಿದ ದೃಶ್ಯವನ್ನು ನಾವು ಇಂದು ಕಂತಿನಲ್ಲಿ ಕೊಳ್ಳುತ್ತಿದ್ದೇವೆ.

ಮರದ ಕಥೆಯೂ ಅಷ್ಟೇ. ಜರ್ಮನ್ ನಾಡುಗಳಲ್ಲಿ ಚಳಿಗಾಲಕ್ಕೆ ಎಲ್ಲ ಮರಗಳೂ ಎಲೆ ಉದುರಿಸಿ ನಿಂತಾಗ ಹಸಿರಾಗಿ ಉಳಿಯುವುದು ಫರ್ ಜಾತಿಯ ಮರ. ಆ ಜನ ತಮ್ಮ ಬಾಗಿಲ ಹೊರಗಿನ ಕಾಡಿನಿಂದ ಅದನ್ನು ತಂದು, ಸೇಬು ಕಟ್ಟಿ, ಬತ್ತಿ ಹಚ್ಚಿದರು. ಸತ್ತಂತೆ ಕಾಣುವ ಕಾಲದಲ್ಲಿ ಜೀವದ ಗುರುತು ಎಂಬುದು ಅದರ ಅರ್ಥ. ಇಂಗ್ಲೆಂಡಿನಲ್ಲಿ ಅದು ಮನೆಮಾತಾಗುವುದಕ್ಕೆ ಒಂದು ದೊಡ್ಡ ಕಾರಣ, ವಿಕ್ಟೋರಿಯಾ ರಾಣಿಯ ಕುಟುಂಬ ಮರದ ಸುತ್ತ ನಿಂತ ಚಿತ್ರವನ್ನು 1848ರಲ್ಲಿ ಒಂದು ಸಚಿತ್ರ ವಾರಪತ್ರಿಕೆ ಅಚ್ಚು ಹಾಕಿದ್ದು. ಅಲ್ಲಿಂದ ಅದು ಸಾಮ್ರಾಜ್ಯದ ಹಡಗು ಹತ್ತಿ ಊರೂರಿಗೆ ಬಂತು. ಡಿಸೆಂಬರಿನಲ್ಲಿ ಆಲ, ಮಾವು, ತೆಂಗು ಎಲ್ಲವೂ ಹಸಿರಾಗಿ ನಿಂತಿರುವ ನಮ್ಮ ನಾಡಿನಲ್ಲಿ, ಜೀವದ ಗುರುತಿಗೆಂದು ಜೀವವೇ ಇಲ್ಲದ ಪ್ಲಾಸ್ಟಿಕ್ ಮರವನ್ನು ತರುವುದು ಎಂಥ ತರ್ಕ?

ಹಸಿರು ಚಕ್ರವನ್ನು ನೋಡಿ. 1839ರಲ್ಲಿ ಜರ್ಮನಿಯ ಹ್ಯಾಂಬರ್ಗಿನಲ್ಲಿ ಯೋಹಾನ್ ವಿಖರ್ನ್ ಎಂಬ ಪಾದ್ರಿ ದಿಕ್ಕಿಲ್ಲದ ಬಡಮಕ್ಕಳ ಆಶ್ರಮ ನಡೆಸುತ್ತಿದ್ದ. ಹಬ್ಬ ಯಾವಾಗ, ಹಬ್ಬ ಯಾವಾಗ ಎಂದು ಮಕ್ಕಳು ದಿನವೂ ಪೀಡಿಸಿದಾಗ ಆತ ಒಂದು ಹಳೆಯ ಗಾಡಿಚಕ್ರವನ್ನು ತಂದು, ದಿನಕ್ಕೊಂದರಂತೆ ಸಣ್ಣ ಕೆಂಪು ಬತ್ತಿಗಳನ್ನೂ ನಾಲ್ಕು ಭಾನುವಾರಗಳಿಗೆ ನಾಲ್ಕು ದೊಡ್ಡ ಬಿಳಿ ಬತ್ತಿಗಳನ್ನೂ ಅದರ ಮೇಲೆ ನಿಲ್ಲಿಸಿದನೆಂದು ಹೇಳುತ್ತಾರೆ. ಅದು ಮಕ್ಕಳಿಗೆ ಲೆಕ್ಕ ಕಲಿಸುವ ಪಂಚಾಂಗವಾಯಿತು. ಇಂದು ಅದರ ಪ್ಲಾಸ್ಟಿಕ್ ನಕಲನ್ನು ಬಾಗಿಲಿಗೆ ಜಡಿದು, ಅದು ಏನೆಂದು ಮಗು ಕೇಳಿದರೆ "ಡೆಕೋರೇಶನ್ನು" ಎನ್ನುತ್ತೇವೆ.

ಇನ್ನು ನಕ್ಷತ್ರ. ನಮ್ಮಂಥ ವಲಸೆಗಾರರಿಗೆ ಹೆಚ್ಚು ತಾಗಬೇಕಾದ ಕಥೆ ಇದು. ಮೊರೇವಿಯನ್ ಸಭೆಯವರು ಮಿಶನರಿಗಳನ್ನು ದೂರ ದೂರದ ದೇಶಗಳಿಗೆ ಕಳಿಸುತ್ತಿದ್ದರು. ಅವರ ಮಕ್ಕಳು ಓದಿಗಾಗಿ ಜರ್ಮನಿಯ ವಸತಿಶಾಲೆಗಳಲ್ಲಿ ಉಳಿಯುತ್ತಿದ್ದರು. ತಾಯಿತಂದೆ ಒಂದು ಖಂಡದಲ್ಲಿ, ಮಕ್ಕಳು ಇನ್ನೊಂದರಲ್ಲಿ. ಅಂಥ ಒಂದು ಶಾಲೆ ನೀಸ್ಕಿ ಎಂಬ ಊರಿನಲ್ಲಿತ್ತು. ಅಲ್ಲಿ 1830ರ ದಶಕದಲ್ಲಿ ಕಾಗದದ ನಕ್ಷತ್ರ ಹುಟ್ಟಿದ್ದು ರೇಖಾಗಣಿತದ ಪಾಠವಾಗಿ. ಹದಿನೆಂಟು ಚೌಕ, ಎಂಟು ತ್ರಿಕೋಣ, ಒಟ್ಟು 26 ಮುಖಗಳ ಒಂದು ಘನಾಕೃತಿ. ತೂಗುಹಾಕಲು ಒಂದು ಚೌಕವನ್ನು ಬಿಟ್ಟು ಉಳಿದ 25 ಮುಖಗಳ ಮೇಲೆ 25 ಕಾಗದದ ಶಿಖರಗಳು. ಬಿ.ಎಸ್‌ಸಿ. ಓದಿದ ನಮ್ಮಂಥ ಗುಮಾಸ್ತರಿಗೂ ಇದನ್ನು ಮನಸ್ಸಿನಲ್ಲಿ ತಿರುಗಿಸಿ ನೋಡಲು ಒಂದು ಗಳಿಗೆ ಬೇಕು. ಆ ಮಕ್ಕಳು ಕತ್ತರಿ, ಅಂಟು ಹಿಡಿದು ಮಾಡಿಯೇ ತೋರಿಸಿದರು. ಮನೆಯಿಂದ ದೂರವಿದ್ದವರ ಕೈ ಮಾಡಿದ ವಸ್ತು ಅದು. ಮನೆಯಿಂದ ದೂರವಿರುವ ನಾವು ಅದನ್ನು ಕೊಂಡು ತರುತ್ತೇವೆ!

ಈ ನಾಲ್ಕರಲ್ಲೂ ಎದ್ದು ಕಾಣುವ ಸಂಗತಿ ಒಂದೇ. ಕೈಗೆಟಕುವ ವಸ್ತು, ಮಾಡುವ ಕೈ, ನೋಡುವ ಮಗುವಿಗೆ ಒಂದು ಅರ್ಥ. ನಿಜವಾದ ಸಂಪ್ರದಾಯ ಇದು. ಹಿಮ ಅಲ್ಲ. ಜರ್ಮನಿಯವನು ತನ್ನ ಬಾಗಿಲ ಮರವನ್ನು ತಂದದ್ದು ಹೌದಾದರೆ, ಅವನನ್ನು ನಿಷ್ಠೆಯಿಂದ ಅನುಸರಿಸುವವನು ತರಬೇಕಾದದ್ದು ತನ್ನ ಬಾಗಿಲ ಗಿಡವನ್ನು, ಅವನ ಬಾಗಿಲ ಮರದ ಪ್ಲಾಸ್ಟಿಕ್ ಬೊಂಬೆಯನ್ನಲ್ಲ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ನಮ್ಮ ಹಿರಿಯರು ವ್ಯಂಗ್ಯವಾಗಿ ಹೇಳಿದರು. ನಾವು ಅದನ್ನು ಉಪದೇಶವೆಂದು ತಿಳಿದಿದ್ದೇವೆ.

ನಮಗೆ ಕೈಕೆಲಸದ ಪರಂಪರೆ ಇಲ್ಲವೆಂದು ಮಾತ್ರ ಯಾರೂ ಹೇಳಬಾರದು. ಬಾಸೆಲ್ ಮಿಶನ್ ಮಂಗಳೂರಿಗೆ ಬಂದದ್ದು 1834ರಲ್ಲಿ. ಅದು ಕಟ್ಟಿದ್ದು ಪ್ರಾರ್ಥನಾಮಂದಿರಗಳನ್ನು ಮಾತ್ರವಲ್ಲ. ಮಗ್ಗದ ಶಾಲೆ, 1841ರಲ್ಲಿ ಮುದ್ರಣಾಲಯ, 1865ರಲ್ಲಿ ಹಂಚಿನ ಕಾರ್ಖಾನೆ. ಮಂಗಳೂರು ಹಂಚಿನ ಕೆಳಗೆ ಮಲಗದ ಊರು ಪಶ್ಚಿಮ ಕರಾವಳಿಯಲ್ಲಿ ಎಷ್ಟಿವೆ? ನಮ್ಮಲ್ಲಿ ಅನೇಕರ ಮುತ್ತಜ್ಜಂದಿರು ಆ ಮಗ್ಗದಲ್ಲಿ ನೂಲು ಹಿಡಿದವರು, ಆ ಭಟ್ಟಿಯಲ್ಲಿ ಮಣ್ಣು ಕಲಸಿದವರು, ಆ ಅಚ್ಚುಕೂಟದಲ್ಲಿ ಮೊಳೆ ಜೋಡಿಸಿದವರು. ಅವರ ಮರಿಮಕ್ಕಳಿಗೆ ಒಂದು ಕಾಗದದ ನಕ್ಷತ್ರ ಮಾಡಲು ಬರುವುದಿಲ್ಲವೆಂದರೆ ಕೇಳುವವರಾದರೂ ಏನೆಂದುಕೊಂಡಾರು? ಇನ್ನು ತುಳುನಾಡಿನ ದೀಪಾವಳಿಯ ಗೂಡುದೀಪವನ್ನು ನೆನೆಯಿರಿ. ಅದೇ ಬಿದಿರು, ಅದೇ ಬಣ್ಣದ ಕಾಗದ, ಅದೇ ಗಂಟು. ಮರಾಠಿ ನೆರೆಯವರ ಆಕಾಶಕಂದೀಲೂ ಅದರದೇ ಒಡಹುಟ್ಟು. ಗೂಡುದೀಪ ಕಟ್ಟಬಲ್ಲ ಕೈಗೆ ನಕ್ಷತ್ರ ಒಂದು ದಿನದ ಮಾತು.

ಬರೀ ಬೈದು ಕೈತೊಳೆದುಕೊಳ್ಳುವ ಇರಾದೆ ನಮಗಿಲ್ಲ. ಏನು ಮಾಡಬಹುದೆಂದು ಲೆಕ್ಕ ಸಹಿತ ಹೇಳುತ್ತೇವೆ.

ನಕ್ಷತ್ರಕ್ಕೆ 60 ಸೆಂಟಿಮೀಟರ್ ಉದ್ದದ ಹತ್ತು ಬಿದಿರಿನ ಸೀಳುಗಳು ಬೇಕು. ಪ್ರತಿಯೊಂದಕ್ಕೂ ಎರಡೂ ತುದಿಗಳಿಂದ 23 ಸೆಂಟಿಮೀಟರಿಗೆ ಗುರುತು ಹಾಕಿ. ನಡುವೆ 14 ಉಳಿಯುತ್ತದೆ. ಐದು ಕಡ್ಡಿಗಳನ್ನು ತುದಿಗೆ ತುದಿ ಕಟ್ಟಿ, ಆ ಗುರುತುಗಳಲ್ಲೇ ಒಂದನ್ನೊಂದು ದಾಟುವಂತೆ ಹೊಂದಿಸಿದರೆ ಸೊಟ್ಟಗಾಗದ ಐದು ಮೂಲೆಯ ನಕ್ಷತ್ರ ತಾನಾಗಿಯೇ ಬರುತ್ತದೆ. ಅಂಥವು ಎರಡನ್ನು ಮಾಡಿ, ಒಂದರ ಮೇಲೊಂದಿಟ್ಟು ಐದು ತುದಿಗಳನ್ನೂ ಬಿಗಿಯಿರಿ. ಒಳಗಿನ ಐದು ಸಂಧಿಗಳಲ್ಲಿ ಒಂದೊಂದು ಗೇಣಿಗಿಂತ ಸ್ವಲ್ಪ ಚಿಕ್ಕ ಕಡ್ಡಿಯನ್ನು ಅಡ್ಡ ನಿಲ್ಲಿಸಿದರೆ ನಕ್ಷತ್ರ ಹೊಟ್ಟೆ ಉಬ್ಬಿಸಿಕೊಳ್ಳುತ್ತದೆ. ಹೊದಿಸುವುದಕ್ಕೆ ಗಾಳಿಪಟದ ಕಾಗದ. ಸಂಕ್ರಾಂತಿ ಹತ್ತಿರವಿರುವುದರಿಂದ ಡಿಸೆಂಬರಿನಲ್ಲಿ ಅದಕ್ಕೆ ಬರವಿಲ್ಲ. ಅಂಟು ಅಡುಗೆಮನೆಯ ಮೈದಾದ್ದೇ ಸಾಕು. ಒಳಗೆ ಐದು ವಾಟಿನ ಎಲ್‌ಇಡಿ ದೀಪ ಹಾಕಿ. ಹಳೆಯ ತಂತಿಯ ಬಲ್ಬು ತಿಂದ ವಿದ್ಯುತ್ತಿನಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲನ್ನು ಶಾಖವನ್ನಾಗಿಯೇ ಚೆಲ್ಲುತ್ತದೆ. ಕಾಗದದ ಹೊಟ್ಟೆಯೊಳಗೆ ಅದು ಬೇಡ. ಎಲ್ಲ ಸಾಮಾನಿನ ಖರ್ಚು ಕುಟುಂಬವೊಂದು ಸಿನಿಮಾ ನೋಡುವುದಕ್ಕಿಂತ ಕಡಿಮೆ.

ಗೋದಲಿಯ ಹೊಲಕ್ಕೆ ಹಸಿರು ಬಣ್ಣದ ಮರದಪುಡಿ ಬೇಡ. ಗೋವಾದಲ್ಲೂ ಕರಾವಳಿಯಲ್ಲೂ ರಾಗಿ, ಭತ್ತ, ಗೋಧಿ ಮೊಳಕೆ ಹಾಕಿ ಹೊಲ ಮಾಡುವ ಪದ್ಧತಿ ಇದೆ. ಇಲ್ಲಿಯ ಅಂಗಡಿಯಲ್ಲಿ 'ನಾಚಣಿ' ಎಂದು ಕೇಳಿದರೆ ರಾಗಿ ಸಿಗುತ್ತದೆ. ಡಿಸೆಂಬರ್ 14ರ ರಾತ್ರಿ ಒಂದು ಹಿಡಿ ನೆನೆಹಾಕಿ, ಮರುದಿನ ತಟ್ಟೆಯಲ್ಲಿ ಒದ್ದೆ ತೆಂಗಿನ ನಾರಿನ ಮೇಲೆ ಹರಡಿ, ದಿನವೂ ನೀರು ಚಿಮುಕಿಸಿದರೆ, 24ರ ಹೊತ್ತಿಗೆ ಮಗುವಿನ ಕಿರುಬೆರಳಷ್ಟು ಎತ್ತರದ ಹೊಲ ಸಿದ್ಧ. ಹೊಲವೆಂದರೇನು ಎಂದು ಕಾಣದೆ ಬೆಳೆಯುತ್ತಿರುವ ನಮ್ಮ ನಗರದ ಮಕ್ಕಳಿಗೆ ಹತ್ತು ದಿನದ ಬೇಸಾಯ! ಹುಲ್ಲು ಬೇಕಾದರೆ ಹಣ್ಣಿನಂಗಡಿಯವನನ್ನು ಕೇಳಿ; ಪೆಟ್ಟಿಗೆಯಿಂದ ತೆಗೆದದ್ದನ್ನು ಪುಕ್ಕಟೆ ಕೊಡುತ್ತಾನೆ.

ಗೊಂಬೆಗಳ ವಿಷಯ. ಪ್ಲಾಸ್ಟರಿನ ಗುಲಾಬಿ ಕೆನ್ನೆಯ ಕುರುಬರು ಯಾವ ಸೀಮೆಯವರು? ಕುರಿ ಕಾಯುವವನು ಹೇಗಿರುತ್ತಾನೆಂದು ಕನ್ನಡ ನಾಡಿಗೆ ಬೇರೆಯವರು ಕಲಿಸಬೇಕೇ? ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು, ಪಕ್ಕದಲ್ಲಿ ನಾಯಿ. ಹಳೆಯ ಸ್ವೆಟರಿನ ಒಂದು ತುಂಡು ಕಂಬಳಿಯಾದೀತು. ಚನ್ನಪಟ್ಟಣದಲ್ಲಿ ಆಲೆಮರ ಕಡೆದು ಅರಗಿನ ಬಣ್ಣ ಕೊಟ್ಟು ಮಾಡುವ ಗೊಂಬೆಗಳಿವೆ. ಕೊಪ್ಪಳದ ಬಳಿಯ ಕಿನ್ನಾಳದ ಗೊಂಬೆಗಳಿವೆ. ಊರಿಗೆ ಹೋದಾಗ ಎರಡು ತನ್ನಿ. ಮರಿಯಮ್ಮ ಇಳಕಲ್ ಸೀರೆ ಉಟ್ಟರೆ ಅಪಚಾರವೇ ಎಂದು ಹುಬ್ಬೇರಿಸುವವರಿಗೆ ಒಂದು ಹೆಸರು ಹೇಳುತ್ತೇವೆ: ಆಂಜೆಲೊ ದ ಫೊನ್ಸೆಕಾ. ಗೋವಾದಲ್ಲಿ 1902ರಲ್ಲಿ ಹುಟ್ಟಿ, ಶಾಂತಿನಿಕೇತನದಲ್ಲಿ ಕಲಿತು, ಪುಣೆಯ ಆಶ್ರಮದಲ್ಲಿ ಬಾಳಿ 1967ರಲ್ಲಿ ತೀರಿಕೊಂಡ ಈ ಕಲಾವಿದ ಸೀರೆಯುಟ್ಟ ಮರಿಯಳನ್ನು ಮತ್ತೆ ಮತ್ತೆ ಬರೆದ. ಅಂದು ಅದನ್ನು ಒಪ್ಪದವರು ಬಹಳ ಮಂದಿ ಇದ್ದರು. ಇಂದು ಅದೇ ಚಿತ್ರಗಳನ್ನು ಗೌರವದಿಂದ ತೂಗುಹಾಕುತ್ತಾರೆ.

ಮರ ಬೇಕೇ ಬೇಕೆಂದರೆ ಕುಂಡದ ಗಿಡವೊಂದನ್ನು ಅಲಂಕರಿಸಿ. ಕ್ರೋಟನ್ ಆಗಬಹುದು, ಅರಕೇರಿಯಾ ಆಗಬಹುದು, ಬಾಲ್ಕನಿಯ ಯಾವ ಬಡಗಿಡವೂ ಆಗಬಹುದು. ಊರಿನಲ್ಲಿ ಮಾಡುವಂತೆ ಇಲ್ಲಿ ಗಾಳಿಮರದ ಕೊಂಬೆ ಕಡಿಯುವ ಹಾಗಿಲ್ಲ. ಮಹಾರಾಷ್ಟ್ರದ ನಗರಗಳಲ್ಲಿ ಮರ ಕಡಿಯಲು 1975ರ ಕಾಯಿದೆಯ ಪ್ರಕಾರ ಅನುಮತಿ ಬೇಕು. ಬಿದ್ದ ಒಣಕೊಂಬೆಗೆ ಅನುಮತಿ ಬೇಡ. ಸುಣ್ಣ ಬಳಿದು ನಿಲ್ಲಿಸಿದರೆ ಅದೂ ಚೆಲುವೇ.

ಇನ್ನು ಅಪಾಯದ ಮಾತು. ಅಲಂಕಾರದ ಕೃತಕ ಹಿಮಕ್ಕೆ ಒಂದು ಕರಾಳ ಚರಿತ್ರೆ ಉಂಟು. 1930-40ರ ದಶಕಗಳಲ್ಲಿ ಅಮೆರಿಕದಲ್ಲಿ ಕಲ್ನಾರಿನ ಎಳೆಗಳನ್ನೇ, ಅಂದರೆ ಆಸ್ಬೆಸ್ಟಾಸನ್ನೇ, ಹಿಮವೆಂದು ಮಾರಿದರು. ಬೆಂಕಿ ಹಿಡಿಯದು ಎಂಬುದು ಅದರ ಹೆಗ್ಗಳಿಕೆ. ಶ್ವಾಸಕೋಶ ಹಿಡಿಯುತ್ತದೆಂಬುದು ಜನರಿಗೆ ತಿಳಿದದ್ದು ಆಮೇಲೆ. ಇಂದಿನ ಹತ್ತಿಯ ಹಿಮಕ್ಕೆ ಆ ದೋಷವಿಲ್ಲ, ಆದರೆ ಪಕ್ಕದಲ್ಲಿ ಮೇಣದ ಬತ್ತಿ ಇಟ್ಟರೆ ಅದು ಕ್ಷಣದಲ್ಲಿ ಉರಿಯುತ್ತದೆ. ಪ್ಲಾಸ್ಟಿಕ್ ಮರಗಳಲ್ಲಿ ಬಹುಪಾಲು ಪಿವಿಸಿಯವು. ಉರಿದರೆ ಹೈಡ್ರೋಜನ್ ಕ್ಲೋರೈಡ್ ಅನಿಲ ಬಿಡುತ್ತವೆ, ಗಂಟಲ ತೇವಕ್ಕೆ ಸೇರಿದರೆ ಅದೇ ಹೈಡ್ರೋಕ್ಲೋರಿಕ್ ಆಮ್ಲ. ಒಂದೇ ಬಾಗಿಲಿನ ಮನೆಗಳಲ್ಲಿ ವಾಸಿಸುವ ನಮಗೆ ಇದು ಪುಸ್ತಕದ ರಸಾಯನಶಾಸ್ತ್ರವಲ್ಲ. ಅಲಂಕಾರದ ಥರ್ಮೋಕೋಲನ್ನಂತೂ ಕೇಂದ್ರ ಸರಕಾರ 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧಿಸಿದೆ. ಬೇರೆಯವರ ಮಾತಿರಲಿ, ಕೇಂದ್ರ ಸರಕಾರದ ಸಂಬಳ ಎಣಿಸುವ ನಮ್ಮಂಥವರ ಮನೆಯಲ್ಲಿ ಅದರ ತುಣುಕೂ ಕಾಣಿಸಬಾರದು.

ಈಗ ಎದುರು ಪಕ್ಷದ ವಾದಗಳು. "ಸಮಯವೆಲ್ಲಿದೆ?" ಎನ್ನುತ್ತಾರೆ. ಹಬ್ಬದ ಖರೀದಿಗೆ ನಾಲ್ಕು ಸಂಜೆ ಗಾಡಿಯಲ್ಲಿ ನಿಂತು ಹೋಗುವ ಸಮಯ ಎಲ್ಲಿಂದ ಬಂತು? ಒಂದು ಭಾನುವಾರ ಸಾಕು ನಕ್ಷತ್ರಕ್ಕೆ. "ಪ್ಲಾಸ್ಟಿಕ್ ಮರ ಹತ್ತು ವರ್ಷ ಬಾಳುತ್ತದೆ" ಎನ್ನುತ್ತಾರೆ. ಈ ಮಾತಿನಲ್ಲಿ ಹುರುಳಿದೆ. ಮನೆಯಲ್ಲಿ ಈಗಾಗಲೇ ಇರುವುದನ್ನು ಎಸೆಯುವುದು ಮೂರ್ಖತನ. ಅದು ಸವೆಯುವವರೆಗೂ ಉಪಯೋಗಿಸಿ. ಆದರೆ ಹಳೆಯದು ಅಟ್ಟದ ಮೇಲಿರುವಾಗಲೇ ನೆರೆಮನೆಯದಕ್ಕಿಂತ ಒಂದಡಿ ಎತ್ತರದ್ದು ತರುವವರು ಬಾಳಿಕೆಯ ಮಾತನ್ನು ಆಡಬಾರದು. "ಮಕ್ಕಳು ಕೇಳುತ್ತಾರೆ" ಎಂಬುದು ಕೊನೆಯ ಅಸ್ತ್ರ. ಮಕ್ಕಳು ಕೇಳುವುದು ತಾವು ನೋಡಿದ್ದನ್ನು. ಅಪ್ಪ ನೆಲದ ಮೇಲೆ ಕುಳಿತು ಬಿದಿರು ಸೀಳುವುದನ್ನು ನೋಡಿದ ಮಗು ಮುಂದಿನ ವರ್ಷ ಬಿದಿರನ್ನೇ ಕೇಳುತ್ತದೆ. "ಕೈಯಲ್ಲಿ ಮಾಡಿದ್ದು ಬಡತನದ ಗುರುತು" ಎಂದು ಬಾಯಿಬಿಟ್ಟು ಯಾರೂ ಹೇಳುವುದಿಲ್ಲ. ಮನಸ್ಸಿನಲ್ಲಿ ಇರುವುದು ಅದೇ. ಅವರಿಗೆ ಉತ್ತರ: ಈ ಹಬ್ಬದ ಕಥೆಯೇ ಛತ್ರದಲ್ಲಿ ಸ್ಥಳ ಸಿಗದ ಬಡದಂಪತಿಗಳ ಕಥೆ.

ಕೊನೆಗೆ ನಮ್ಮ ಮನಸ್ಸಿಗೆ ಹೆಚ್ಚು ನೋವು ಕೊಡುವ ವಿಷಯ. ಕನ್ನಡ ಕ್ರೈಸ್ತರ ಮನೆಗಳ ಗೋಡೆಯ ಮೇಲೆ ಹೊಳೆಯುವ ಚಿನ್ನದ ಅಕ್ಷರಗಳು ಯಾವ ಭಾಷೆಯವು? 'ಮೆರಿ ಕ್ರಿಸ್‌ಮಸ್' ಎಂದು ಇಂಗ್ಲಿಷಿನಲ್ಲಿ. ಕನ್ನಡದ ಒಂದು ಅಕ್ಷರ ಹುಡುಕಿದರೂ ಇಲ್ಲ. ಜರ್ಮನಿಯ ಹರ್ಮನ್ ಮೋಗ್ಲಿಂಗ್ ನಮ್ಮ ಅಕ್ಷರ ಕಲಿತು 1843ರಲ್ಲಿ 'ಮಂಗಳೂರ ಸಮಾಚಾರ' ಎಂಬ ಕನ್ನಡದ ಮೊದಲ ಪತ್ರಿಕೆ ಹೊರಡಿಸಿದ. ಫರ್ಡಿನಾಂಡ್ ಕಿಟ್ಟೆಲ್ ದಶಕಗಳ ಕಾಲ ದುಡಿದು 1894ರಲ್ಲಿ ನಮ್ಮ ಭಾಷೆಗೆ ನಿಘಂಟು ಕೊಟ್ಟ. ಹೊರನಾಡಿನಿಂದ ಬಂದವರು ನಮ್ಮ ಅಕ್ಷರ ಬರೆದರು. ಹೊರನಾಡಿಗೆ ಬಂದ ನಾವು ನಮ್ಮ ಅಕ್ಷರವನ್ನು ಗೋಡೆಗೂ ಬರೆಯಲಾರೆವು. ಮಕ್ಕಳು ಇಂಗ್ಲಿಷ್ ಶಾಲೆಗೆ ಹೋಗುತ್ತಾರೆ, ಬೀದಿಯಲ್ಲಿ ಹಿಂದಿ, ಮರಾಠಿ ಆಡುತ್ತಾರೆ. ಮನೆಯಲ್ಲಿ ಕನ್ನಡ ಕಿವಿಗೆ ಬಿದ್ದರೂ ಕಣ್ಣಿಗೆ ಬೀಳುವುದಿಲ್ಲ. ಕಣ್ಣಿಗೆ ಬೀಳದ ಲಿಪಿ ಎಷ್ಟು ತಲೆಮಾರು ಬದುಕೀತು?

ಆದ್ದರಿಂದ ನಮ್ಮ ಸೂಚನೆ ಇಷ್ಟು. ನಕ್ಷತ್ರಕ್ಕೆ ಐದು ಮೂಲೆ. 'ಕ್ರಿಸ್ತ ಜಯಂತಿ' ಎಂಬುದಕ್ಕೆ ಅಕ್ಷರಗಳೂ ಐದು: ಕ್ರಿ, ಸ್ತ, ಜ, ಯಂ, ತಿ. ಒಂದೊಂದು ಮೂಲೆಗೆ ಒಂದೊಂದು ಅಕ್ಷರವನ್ನು ಮಗುವಿನ ಕೈಯಿಂದಲೇ ಕತ್ತರಿಸಿ ಅಂಟಿಸಿ. ಕ್ರಾವಡಿ, ಒತ್ತು, ಸೊನ್ನೆ, ಗುಡಿಸು ಎಲ್ಲವೂ ಆ ಐದರಲ್ಲೇ ಬಂದುಹೋಗುತ್ತವೆ. ಸಂಜೆ ದೀಪ ಹಚ್ಚಿದಾಗ ಕಿಟಕಿಯಲ್ಲಿ ಕನ್ನಡ ಬೆಳಗುತ್ತದೆ. ಕೆಳಗೆ ಹೋಗುವವರು ಇದು ಯಾವ ಲಿಪಿ ಎಂದು ಕೇಳಿದರೆ ಉತ್ತರ ಹೇಳುವ ಹೆಮ್ಮೆ ಮಗುವಿನದು.

ನಮ್ಮ ಸಂಘಗಳಿಗೂ ಒಂದು ಮಾತು. 'ಅತ್ಯುತ್ತಮ ಅಲಂಕೃತ ಮನೆ' ಎಂದು ಹೆಚ್ಚು ಖರ್ಚು ಮಾಡಿದವರಿಗೆ ಬಹುಮಾನ ಕೊಡುವ ಸ್ಪರ್ಧೆಗಳನ್ನು ನಿಲ್ಲಿಸಿ. ಡಿಸೆಂಬರಿನ ಮೊದಲ ಭಾನುವಾರ ಸಭಾಗೃಹದಲ್ಲಿ ಚಾಪೆ ಹಾಸಿ, ಒಂದು ಹೊರೆ ಬಿದಿರು, ನಾಲ್ಕು ದಸ್ತು ಗಾಳಿಪಟದ ಕಾಗದ ತಂದಿಡಿ. ಗೂಡುದೀಪ ಕಟ್ಟಬಲ್ಲ ಹಿರಿಯರನ್ನು ಕರೆಯಿರಿ. ಅವರು ಯಾವ ಧರ್ಮದವರಾದರೂ ಸರಿ. ಮಕ್ಕಳನ್ನು ಅವರ ಸುತ್ತ ಕೂರಿಸಿ. ಬಹುಮಾನ ಬೇಡ, ತಾನು ಮಾಡಿದ್ದನ್ನು ತಾನೇ ಹೊತ್ತು ಮನೆಗೆ ಹೋಗಲಿ. ಈ ಹೊರೆ ಬಿದಿರಿನ ಖರ್ಚು ಭರಿಸಲಾರದಷ್ಟು ಬಡವಾದ ಕನ್ನಡ ಸಂಘ ಹೊರನಾಡಿನಲ್ಲಿ ಯಾವುದೂ ಇರಲಾರದು.